ಎಣ್ಣೆಯಿಲ್ಲದ ಒಗ್ಗರಣೆ

ಇವತ್ತು ನಲ್ಲಿಯಲ್ಲಿ ನೀರು ಬರುವ ಮೊದಲೇ ಎದ್ದು ನೀರು ತುಂಬಿಡುವ ಪಿಂಪ ತಿಕ್ಕಿದೆ. ಕೊಚ್ಚಕ್ಕಿ ತೊಳೆದು ನೆನೆಹಾಕಿದೆ. ಅಮ್ಮನ ಕಣ್ಣಿಗೆ ಹನಿ ಬಿಟ್ಟೆ. ಹಾಲು ಕಾಯಿಸಿ, ಕೆನೆ ತೆಗೆದು, ಆ ಕೆನೆಯನ್ನು ಮೆಟ್ಟಿಲ ಕೆಳಗಿನ ಬೆಕ್ಕಿಗೆ ಹಾಕಿ ಬಂದೆ. ಬಟ್ಟೆ ಒಗೆದು ಗ್ಯಾಲರಿಯಲ್ಲಿ ಹರವಿದೆ. ಲೋಕಲ್ ರೈಲು ಹಿಡಿದು ಸಯನ್ನಿಗೆ ಹೋದೆ. ಅಲ್ಲಿ ತಂಗಿ ಮೀನಾಳ ಮನೆಯಲ್ಲಿ ಅವಳ ಮಗಳು ಇಶಾಳನ್ನು ಎಬ್ಬಿಸಿ, ಬಾಯಿಗೆ ಏನೂ ಹಾಕಗೊಡದೆ ಲ್ಯಾಬಿಗೆ ಕರೆದೊಯ್ದು ರಕ್ತ ಕೊಡಿಸಿದೆ. ಬರುವಾಗ ಬಸಳೆಯ ಒಂದು ಕಟ್ಟು, ಒಂದು ತೆಂಗಿನಕಾಯಿ, ಅಮ್ಮನ ಎಲೆಯಡಿಕೆ ತಂದೆ. ರಿಪೋರ್ಟು ಸಂಜೆ ಫೋನಿಗೆ ಬರುತ್ತದೆ ಎಂದಿದ್ದರು. ಒಬ್ಬಳೇ ಕೂತು ಕಾಯುವುದು ಬೇಡವೆಂದು ಹುಡುಗಿಯನ್ನು ಭಾಂಡುಪಿಗೆ ನನ್ನ ಜೊತೆಗೇ ಕರೆದುಕೊಂಡು ಬಂದೆ. ಆಮೇಲೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಇದ್ದ ಜಾಗದಲ್ಲೇ ಮತ್ತೆ ಜೋಡಿಸಿದೆ. ಕೈ ಸುಮ್ಮನಿದ್ದರೆ ಆಗುತ್ತಿರಲಿಲ್ಲ.

ಲ್ಯಾಬಿನ ಬೆಂಚಿನ ಮೇಲೆ, ಚಹಾ ಇಲ್ಲದೆ ತಲೆ ಸಿಡಿಯುತ್ತಿದೆಯೆಂದು ಇಶಾ ಗೊಣಗಿದ್ದೇ ಗೊಣಗಿದ್ದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹಿಂದಿಯ ಕಡೆ ಜಾರುತ್ತದೆ.

"ದೊಡ್ಡಮ್ಮ, ಬಿನಾ ಚಾಯ್ ಮೇರಾ ಸಿರ್ ಫಟ್ ರಹಾ ಹೈ. ಈ ಉಪವಾಸ್ ಯಾವ ದೇವ್ರಿಗೆ?"

"ನಿನ್ನ ಅಜ್ಜನಿಗೆ," ಎಂದೆ. ತಮಾಷೆಗೆ ಅಂದದ್ದು. ಆದರೆ ಅವಳ ತೋಳಿಗೆ ರಬ್ಬರು ಬಿಗಿದಾಗ ನಾನು ಗೋಡೆಯ ಕಡೆ ತಿರುಗಿಕೊಂಡೆ. ಹೀಗೆಯೇ ಒಮ್ಮೆ ಅವಳ ತಾಯಿಯ ಸಣ್ಣ ತೋಳಿಗೂ ಬಿಗಿದಿದ್ದರು. ಪಕ್ಕದ ಸ್ಟೂಲಿನ ಮೇಲೆ ನನ್ನ ಸರದಿಗಾಗಿ ನಾನು ಕೂತಿದ್ದೆ. ನಮ್ಮ ಅಪ್ಪನ ರಕ್ತದಲ್ಲಿದ್ದ ಕೊಲೆಸ್ಟರಾಲು ಮಕ್ಕಳ ರಕ್ತದಲ್ಲೂ ಇದೆಯೇ ಎಂದು ಆವತ್ತು ನೋಡಿದ್ದರು. ಇವತ್ತು ಮೊಮ್ಮಗಳ ಸರದಿ. ಅದಕ್ಕೇ ನಮ್ಮ ಮನೆಯ ಕಥೆಯ ಈ ಅಧ್ಯಾಯವನ್ನು ಇವತ್ತೇ ಬರೆಯಲು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು, ಈಗಲೂ ಅಮ್ಮನ ಜೊತೆ ಇರುವುದು, ಇದೇ ಭಾಂಡುಪಿನ ಕಾರ್ಖಾನೆ ಕಾಲನಿಯ ಬಿಲ್ಡಿಂಗಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆಗೂ ಸೇರಿ ಒಂದೇ ಮೋರಿ. ಅಪ್ಪ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಅಪ್ಪ ಅಮ್ಮ ಇಬ್ಬರೂ ಕುಂದಾಪುರದ ಕಡೆಯವರು. ಮನೆಯೊಳಗೆ ಆ ಕಡೆಯ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಹಿಂದಿ. ಅಡುಗೆಮನೆಯಲ್ಲಿ ಅರ್ಧ ಜಾಗವನ್ನು ತಿನ್ನುತ್ತಿದ್ದದ್ದು ಅರೆಯುವ ಕಲ್ಲು. ಊರಿನಿಂದ ಲಗೇಜು ಬಸ್ಸಿನ ಮೇಲೆ ಹೇರಿ ತರಿಸಿದ್ದಂತೆ. ಅಮ್ಮ ಅದರ ಮುಂದೆ ಒಂದು ಕಾಲು ಮಡಚಿ ಕೂತು ತೆಂಗಿನಕಾಯಿ, ಮೆಣಸು, ಹುಳಿ ಅರೆಯುವಾಗ ಕೆಳಗಿನ ಮನೆಯ ಮರಾಠಿ ಹೆಂಗಸು ಶಾಲಿನಿತಾಯಿ ಪೊರಕೆಯ ಹಿಡಿಯಿಂದ ತನ್ನ ಛಾವಣಿ ಕುಟ್ಟುತ್ತಿದ್ದಳು. ಅಮ್ಮ ಅರೆಯುವುದನ್ನು ನಿಲ್ಲಿಸುತ್ತಿರಲಿಲ್ಲ. ಅರೆದು ಮುಗಿಸಿ, ಬಂಗುಡೆ ಸಾರು ಕುದಿಸಿ, ಅದರಲ್ಲೇ ಒಂದು ಬಟ್ಟಲನ್ನು ಶಾಲಿನಿತಾಯಿಗೆ ಕಳಿಸುತ್ತಿದ್ದಳು. ಕುಟ್ಟುವುದು ನಿಲ್ಲುತ್ತಿತ್ತು.

ನಮ್ಮ ಅಪ್ಪ ಕಡ್ಡಿಯಂತಿದ್ದರು. ಬೆಲ್ಟಿಗೆ ತಾವೇ ಮೊಳೆ ಬಡಿದು ಒಳಗೊಳಗೆ ಹೊಸ ತೂತು ಮಾಡಿಕೊಳ್ಳುತ್ತಿದ್ದರು. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಉಣ್ಣುವುದೂ ಅಷ್ಟಕ್ಕಷ್ಟೆ. ಅಂಥವರು ಒಂದು ದಿನ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಎದೆ ಹಿಡಿದು ಕೂತುಬಿಟ್ಟರು. ಯಾರೋ ಗ್ಯಾಸ್ ಎಂದು ಸೋಡಾ ಕುಡಿಸಿದರು. ಮತ್ಯಾರೋ ಬುದ್ಧಿವಂತರು ಟ್ಯಾಕ್ಸಿಗೆ ಹಾಕಿದರು. ಅವರಿಗೆ ಆಗ ನಲವತ್ತೂ ತುಂಬಿರಲಿಲ್ಲ. ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಬದುಕಿ ಉಳಿದರು. ಬಿಡುಗಡೆಯ ದಿನ ಅಮ್ಮನ ಕೈಗೆ ಸಿಕ್ಕಿದ ಮಾತು ಒಂದೇ: ಕೊಲೆಸ್ಟರಾಲು. ರಕ್ತದಲ್ಲಿ ಕೊಬ್ಬು ವಿಪರೀತ ಇದೆ, ಎಣ್ಣೆ, ತುಪ್ಪ, ಮೊಟ್ಟೆ, ತೆಂಗಿನಕಾಯಿ ಬಂದ್ ಎಂದು ಯಾವನೋ ಚಿಕ್ಕ ಡಾಕ್ಟರು ಗಡಿಬಿಡಿಯಲ್ಲಿ ಹೇಳಿದ್ದ. ಅಪ್ಪ ನಕ್ಕರು.

"ಕೊಬ್ಬ್ ನಂಗಲ್ಲ ಮಾರಾಯ್ತಿ. ಎದುರ್ ಬಿಲ್ಡಿಂಗಿನ ಶೇಟ್‌ಜಿಗೆ ಇಪ್ಪುದ್. ರಿಪೋರ್ಟ್ ಅದಲು ಬದಲಾಯ್ತ್ ಕಾಣ್."

ಅಮ್ಮ ನಗಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವಳು ಅವಳೊಬ್ಬಳೇ. ಗಂಡನ ರಕ್ತಕ್ಕೆ ಕೊಬ್ಬು ಸೇರಿದ್ದರೆ ಅದು ಯಾರ ಕೈಯಿಂದ ಹೋಗಿರಬೇಕು?

ಮಾರನೆಯ ದಿನದಿಂದ ಅರೆಯುವ ಕಲ್ಲು ಒಣಗಿತು. ಎಣ್ಣೆಯ ಡಬ್ಬಿ ಶಾಲಿನಿತಾಯಿಯ ಮನೆಗೆ ಹೋಯಿತು. ಅಮ್ಮ ಬಸಳೆಯನ್ನು ನೀರಲ್ಲಿ ಬೇಯಿಸಿ ಉಪ್ಪು ಹಾಕಿ ಇಳಿಸುತ್ತಿದ್ದಳು. ಮೀನನ್ನು ಅರಶಿನದ ನೀರಲ್ಲಿ ಕುದಿಸುತ್ತಿದ್ದಳು. ದೋಸೆಯ ಕಾವಲಿಗೆ ಈರುಳ್ಳಿಯ ತುಂಡು ಉಜ್ಜಿ ಹಿಟ್ಟು ಹೊಯ್ದರೆ ದೋಸೆ ಏಳುತ್ತಿರಲಿಲ್ಲ, ಕೆರೆದು ಕೆರೆದು ಚೂರು ಮಾಡಿ ಬಡಿಸುತ್ತಿದ್ದಳು. ಒಗ್ಗರಣೆಯೊಂದನ್ನು ಮಾತ್ರ ಅವಳಿಗೆ ಬಿಡಲಾಗಲಿಲ್ಲ. ಒಗ್ಗರಣೆಯ ಸದ್ದಿಲ್ಲದೆ ಅಡುಗೆ ಮುಗಿಯಿತೆಂದು ಅವಳ ಕೈಗೆ ಗೊತ್ತಾಗುತ್ತಿರಲಿಲ್ಲವೋ ಏನೋ. ಸಣ್ಣ ಸೌಟನ್ನು ಒಲೆಯ ಮೇಲೆ ಕಾಯಿಸಿ ಒಣ ಸಾಸಿವೆ ಹಾಕುತ್ತಿದ್ದಳು. ಎಣ್ಣೆಯಿಲ್ಲದ ಸಾಸಿವೆ ಅಲ್ಲೊಂದು ಇಲ್ಲೊಂದು ಹಾರಿ, ಉಳಿದದ್ದು ಸೀದು ಕಹಿಯಾಗುತ್ತಿತ್ತು. ಆ ಕಹಿಯನ್ನೇ ಸಾರಿನ ಮೇಲೆ ಸುರಿದು, ಮುಚ್ಚಿ, ಪರಿಮಳ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದಳು.

"ಇದ್ ಒಗ್ಗರ್ಣೆ ಅಲ್ಲ, ಸಾಸ್ಮಿ ಶ್ರಾದ್ಧ," ಎನ್ನುತ್ತಿದ್ದರು ಅಪ್ಪ. ಆದರೆ ಬಡಿಸಿದ್ದನ್ನು ಬಿಡದೆ ಉಣ್ಣುತ್ತಿದ್ದರು.

ಅಪ್ಪನಿಗೊಂದು ನಮಗೊಂದು ಅಡುಗೆ ಎಂಬುದು ಅಮ್ಮನ ಲೆಕ್ಕದಲ್ಲಿ ಇರಲಿಲ್ಲ. ಅವರೆದುರು ನಾವು ತೆಂಗಿನಕಾಯಿ ಹಾಕಿ ಉಣ್ಣುವುದು ಹೇಗೆ? ಹಾಗಾಗಿ ನಾನು, ನನಗಿಂತ ಚಿಕ್ಕವಳಾದ ಮೀನಾ, ಇಬ್ಬರೂ ಅದನ್ನೇ ಉಂಡೆವು. ಅದೂ ಒಂದೇ ತಟ್ಟೆಯಲ್ಲಿ. ಮೀನಿನ ತುಂಡು ಅವಳಿಗೆ ದೊಡ್ಡದು ಬಂತು, ನನಗೆ ಸಣ್ಣದು ಬಂತು ಎಂದು ನಾವು ಜಗಳವಾಡುತ್ತಿದ್ದೆವೆಂದು ಅಮ್ಮ ಬಹಳ ಹಿಂದೆಯೇ ಒಂದು ಅಗಲ ತಟ್ಟೆಯಲ್ಲಿ ಇಬ್ಬರಿಗೂ ಬಡಿಸುವ ಪದ್ಧತಿ ಮಾಡಿದ್ದಳು. ಎದುರುಬದುರು ಕೂತು, ನಡುವೆ ಅನ್ನದ ಗುಡ್ಡೆಗೆ ಬೆರಳಲ್ಲಿ ಗಡಿ ಎಳೆದು ಉಣ್ಣುತ್ತಿದ್ದೆವು. ಈ ತಟ್ಟೆಯ ಮಾತು ಮುಂದೆ ಬರುತ್ತದೆ.

ಮಗನಿಗೆ ಹೀಗಾಯಿತೆಂದು ಊರಿನಿಂದ ಅಜ್ಜಿ ಬಂದರು, ಅಪ್ಪನ ತಾಯಿ. ಗೋಣಿಯಲ್ಲಿ ತೆಂಗಿನಕಾಯಿ ತುಂಬಿಕೊಂಡೇ ಬಂದರು. ಅಮ್ಮ ಆ ಗೋಣಿಯನ್ನು ಹಾಗೆಯೇ ಮಂಚದ ಕೆಳಗೆ ತಳ್ಳಿದಳು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು.

"ಕಾಯಿ ಇಲ್ದಿದ್ ಸಾರ್. ಇದ್ ಸಾರಾ, ಕೈ ತೊಳ್ದ್ ನೀರಾ? ಇಂಥದ್ ಹಾಕಿ ಹಾಕಿಯೇ ನನ್ನ್ ಮಗ ಒಣ್ಗಿ ಹೋದದ್ದ್."

"ಡಾಕ್ಟ್ರ್ ಹೇಳಿರ್ ಅತ್ತೆ, ಕೊಬ್ಬ್ ಜಾಸ್ತಿ ಅಂತ."

"ಹಾಂಗಾರೆ ಮೊದ್ಲ್ ಕೊಬ್ಬ್ ಹಾಕಿ ಮಲ್ಗಿಸ್ದಿ, ಈಗ ನೀರ್ ಹಾಕಿ ಕೊಲ್ತೆ. ಹ್ಯಾಂಗೂ ನಿನ್ ಕೈಯ್ಯೇ."

ಎರಡು ಕಡೆಯಿಂದಲೂ ಅಮ್ಮನೇ ತಪ್ಪಿತಸ್ಥೆ. ಅವಳು ಮೋರಿಯ ಕಡೆ ತಿರುಗಿ ಪಾತ್ರೆ ಉಜ್ಜುತ್ತಿದ್ದಳು. ಬೂದಿ ಹಾಕಿ ಉಜ್ಜಿದ ಪಾತ್ರೆಯನ್ನೇ ಇನ್ನೊಮ್ಮೆ ಉಜ್ಜುತ್ತಿದ್ದಳು.

ಅಜ್ಜಿಯ ಮಾತು ಹರಿತವಾದರೂ ನಮ್ಮಿಬ್ಬರ ಮೇಲೆ ಜೀವ. ಅವರ ಒಂದು ಅಭ್ಯಾಸವನ್ನು ಹೇಳಬೇಕು. ಅಪ್ಪನ ಎರಡೂ ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಹತ್ತಿರ, ಹಳದಿ ಬಣ್ಣದ ಉಬ್ಬಿದ ಮಚ್ಚೆಗಳಿದ್ದವು. ಅಜ್ಜಿ ಅವಕ್ಕೆ ಬಂಗಾರದ ಬೊಟ್ಟು ಎನ್ನುತ್ತಿದ್ದರು. ಅಜ್ಜನಿಗೂ ಇತ್ತಂತೆ, ಅಜ್ಜನ ಅಣ್ಣನಿಗೂ ಇತ್ತಂತೆ. ಆ ಮನೆತನದ ಗಂಡಸರಿಗೆ ಮನೆದೇವರು ಇಟ್ಟ ಗುರುತು ಅದು. ಬೊಟ್ಟು ಇದ್ದವರೆಲ್ಲ ಗಟ್ಟಿ ವಯಸ್ಸಿನಲ್ಲೇ ಹೊರಟುಹೋಗಿದ್ದರು, ದೇವರಿಗೆ ಅವರ ಮೇಲೆ ಅಷ್ಟು ಮೋಹ ಎಂದು ಅಜ್ಜಿಯ ವಿವರಣೆ. ದೀಪಾವಳಿಯ ಎಣ್ಣೆಸ್ನಾನದ ದಿನ ತಮ್ಮ ಉಂಗುರವನ್ನು ಅಪ್ಪನ ಎರಡು ಬೊಟ್ಟುಗಳಿಗೂ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಮೇಲೆ ನಮ್ಮಿಬ್ಬರ ಗಲ್ಲ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ರೆಪ್ಪೆ ಸವರಿ ನೋಡುತ್ತಿದ್ದರು. ಏನೂ ಕಾಣದೆ ನಿಟ್ಟುಸಿರಿಡುತ್ತಿದ್ದರು. ಒಂದು ಸಲ ನಾನೂ ಮೀನಾಳೂ ಅರಶಿನ ಕಲಸಿ ಕಣ್ಣಿನ ಮೂಲೆಗೆ ಬೊಟ್ಟಿಟ್ಟುಕೊಂಡು ಅವರ ಮುಂದೆ ನಿಂತೆವು. ಅಜ್ಜಿ ಹೊಟ್ಟೆ ಹಿಡಿದು ನಕ್ಕರು. ಅಪ್ಪನೂ ನಕ್ಕರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ.

ತಪಾಸಣೆಗೆಂದು ಆಗಾಗ ಪರೇಲಿಗೆ ಹೋಗಬೇಕಿತ್ತು. ಏನು ಉಣ್ಣುತ್ತಾರೆ, ನಿದ್ದೆ ಹೇಗೆ ಎಂದು ಅಲ್ಲಿ ಕೇಳುತ್ತಿದ್ದರು. ಅಮ್ಮನಿಗೆ ಹಿಂದಿ ಬಾರದು, ಓದು ಬರಹವೂ ಇಲ್ಲ. ಅಪ್ಪನನ್ನು ಕೇಳಿದರೆ ಎಲ್ಲಕ್ಕೂ 'ಠೀಕ್ ಹೈ' ಎನ್ನುತ್ತಿದ್ದರು. ಹಾಗಾಗಿ ಉತ್ತರ ಹೇಳುವ ಕೆಲಸ ನನಗೆ ಬಂತು. ದೀಪ ಆರಿಸುವ ಮೊದಲು ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ ಅವತ್ತಿನದನ್ನೆಲ್ಲ ಒಪ್ಪಿಸುತ್ತಿದ್ದಳು.

"ನೆನ್ಪಿಟ್ಕೋ. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ ಇಲ್ಲ. ಮಧ್ಯಾಹ್ನ ಅನ್ನ, ಬಸ್ಳೆ. ರಾತ್ರಿ ಎರಡ್ ಚಪಾತಿ, ಒಣ. ಮೊದ್ಲ್ ಮಲ್ಗಿದ್ದ್ ಮೀನಾ. ಆಮೇಲ್ ಅಪ್ಪ."

ಅಪ್ಪನ ನಂತರ ನಾನು, ನಂತರ ಅಜ್ಜಿ. ಅಮ್ಮ ಯಾವತ್ತೂ ಕೊನೆಗೆ. ಎಲ್ಲರೂ ಮಲಗಿದ ಮೇಲೆ ಅವಳು ಗೋಡೆಗೆ ಒರಗಿ ಕೂತು, ಆಗಾಗ ಅಪ್ಪನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಬೆರಳಿಗೆ ಬಿಸಿ ತಗುಲಿದರೆ ಆ ಬೆರಳನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ದಿನದ ಊಟ, ಮಲಗಿದ ಕ್ರಮ, ಯಾರು ಏನಂದರು, ಎಲ್ಲವನ್ನೂ ತಲೆಯೊಳಗೆ ಮಡಚಿಡುವ ಚಾಳಿ ನನಗೆ ಅಂಟಿದ್ದು ಆಗ. ಇವತ್ತಿಗೂ ಬಿಟ್ಟಿಲ್ಲ. ನಾನು ಮರೆತರೆ ಅಪ್ಪನಿಗೆ ಏನಾದರೂ ಆಗುತ್ತದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ.

ಇಷ್ಟೆಲ್ಲ ಮಾಡಿದ ಮೇಲೂ ಅಪ್ಪನ ರಕ್ತದ ಸಂಖ್ಯೆ ಕೂದಲೆಳೆಯಷ್ಟು ಇಳಿದು ಅಲ್ಲೇ ನಿಂತಿತು. ಶಾಲಿನಿತಾಯಿ ಬೆಳ್ಳುಳ್ಳಿ ಎಂದಳು, ಬೆಳ್ಳುಳ್ಳಿ ಬಂತು. ಮೇಲಿನ ಮನೆಯವರು ಮೆಂತೆ ಎಂದರು, ಮೆಂತೆ ನೆನೆಯಿತು. ಹಾಗಲಕಾಯಿಯ ರಸ ಬಂತು. ಸಂಖ್ಯೆ ಮಾತ್ರ ಜಗ್ಗಲಿಲ್ಲ. ಅಮ್ಮನಿಗೆ ಉಳಿದದ್ದು ಒಂದೇ ಅನುಮಾನ: ಅಪ್ಪ ಹೊರಗೆ ಕದ್ದು ತಿನ್ನುತ್ತಿದ್ದಾರೆ. ಕಾರ್ಖಾನೆಯ ಗೇಟಿನ ಎದುರಿಗೇ ವಡಾಪಾವಿನ ಗಾಡಿ ಇತ್ತು. ಅವರು ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅಮ್ಮ ಅವರ ಬಲಗೈ ಹಿಡಿದು ಮೂಸುತ್ತಿದ್ದಳು. ಅಂಗಿಯ ಕಾಲರು ಮೂಸುತ್ತಿದ್ದಳು. ಕೈಯಲ್ಲಿ ಗ್ರೀಸಿನ ವಾಸನೆ ಬಿಟ್ಟು ಬೇರೆ ಇರುತ್ತಿರಲಿಲ್ಲ.

"ಎಂತ ತಿಂದ್ರಿ, ಸತ್ಯ ಹೇಳಿ."

"ಎಂತದೂ ಇಲ್ಲ ಮಾರಾಯ್ತಿ."

"ಮಕ್ಕಳ ಮೇಲ್ ಆಣೆ ಹಾಕಿ."

ಅಪ್ಪ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿದರು. ಅಮ್ಮ ಆಣೆಯನ್ನೂ ನಂಬಲಿಲ್ಲ. ಆ ರಾತ್ರಿ ಅವಳು ಉಣ್ಣಲಿಲ್ಲ. ಅಪ್ಪ ತಾವೇ ತಟ್ಟೆ ಹಿಡಿದು ಅವಳ ಎದುರು ಕೂತರು. ಅವಳು ಬಾಯಿ ತೆರೆಯಲಿಲ್ಲ. ಕಡೆಗೆ ಆ ತಟ್ಟೆಯನ್ನು ಅಪ್ಪ ಹಾಗೆಯೇ ಮುಚ್ಚಿಟ್ಟರು.

ಮುಂದಿನ ಸಲ ಪರೇಲಿಗೆ ಹೋದಾಗ ಮನೆಗೆ ಮನೆಯೇ ಹೊರಟಿತು. ಸೊಸೆ ಡಾಕ್ಟರ ಮುಂದೆ ಏನೇನು ಚಾಡಿ ಹೇಳುತ್ತಾಳೆಂದು ನೋಡಲು ಅಜ್ಜಿಯೂ ಬಂದರು. ಆ ದಿನ ಇದ್ದದ್ದು ಹೊಸ ಡಾಕ್ಟರಮ್ಮ, ಮರಾಠಿಯವರು. ನಾನು ಕಂಠಪಾಠದಂತೆ ಗಂಜಿ, ಬಸಳೆ, ಒಣ ಚಪಾತಿ ಎಂದು ಒಪ್ಪಿಸಿದೆ. ಅವರು ಕೇಳಿ ಮುಗಿಸಿ ಪೆನ್ನು ಕೆಳಗಿಟ್ಟರು. ಎದ್ದು ಬಂದು ಅಪ್ಪನ ಕಣ್ಣಿನ ಬಂಗಾರದ ಬೊಟ್ಟನ್ನು ಬೆರಳಿಂದ ಮುಟ್ಟಿದರು. ಚಪ್ಪಲಿ ಬಿಡಿಸಿ ಹಿಮ್ಮಡಿಯ ಮೇಲಿನ ನರವನ್ನು ಚಿವುಟಿ ನೋಡಿದರು. ಅದು ಹಗ್ಗದಂತೆ ದಪ್ಪಗಿತ್ತು. ನಿಮ್ಮ ತಂದೆ ಹೇಗೆ ಹೋದರು ಎಂದು ಕೇಳಿದರು. ಗಂಜಿ ಉಂಡು ಅಂಗಳಕ್ಕಿಳಿದವರು ಅಲ್ಲೇ ಬಿದ್ದರು, ನಾನು ಆಗ ಸಣ್ಣವ ಎಂದರು ಅಪ್ಪ. ದೊಡ್ಡಪ್ಪ? ಅವರೂ ಹಾಗೆಯೇ. ಡಾಕ್ಟರಮ್ಮ ಅಮ್ಮನ ಕಡೆ ತಿರುಗಿದರು. ಅವರ ದನಿ ಮೆತ್ತಗಿತ್ತು.

"ಬಾಯಿ, ಯೇ ಖಾನಾ ನಹೀ. ಯೇ ಖೂನ್ ಹೈ. ಖಾನ್‌ದಾನ್ ಕಾ ಖೂನ್."

ಅಮ್ಮಾ, ಇದು ನಿನ್ನ ಊಟದಿಂದಲ್ಲ, ಇವರ ರಕ್ತದಿಂದ, ವಂಶದ ರಕ್ತದಿಂದ ಎಂದು ಅರ್ಥ. ಅದನ್ನು ಕನ್ನಡ ಮಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಅಜ್ಜಿ ಎದ್ದು ನಿಂತರು. ಹಿಂದಿಯಲ್ಲಿ ಖೂನ್ ಎಂದರೆ ರಕ್ತ ಎಂದು ಅವರಿಗೆ ಏನು ಗೊತ್ತು? ಊರಿನಲ್ಲಿ ಅವರು ಕೇಳಿದ್ದ ಶಬ್ದ ಖೂನಿ. ಖೂನಿ ಎಂದರೆ ಪೊಲೀಸು, ಕೋರ್ಟು.

"ಖೂನಿ ಅಂದ್ಳಾ? ಅವ್ಳ್ ಖೂನಿ ಅಂದ್ಳಾ? ನಾನ್ ಮಾಡ್ಲಿಲ್ಲ!" ಅಜ್ಜಿ ಡಾಕ್ಟರಮ್ಮನಿಗೆ ಎರಡೂ ಕೈ ಮುಗಿದರು. "ದೇವ್ರಾಣೆ ಮಾಡ್ಲಿಲ್ಲ. ಅವ್ರಿಗೆ ನಾನ್ ಎಂಥಾ ಮದ್ದೂ ಹಾಕ್ಲಿಲ್ಲ. ಗಂಜಿ ಕೊಟ್ಟದ್ದ್. ಬರೀ ಗಂಜಿ. ಅತ್ತೆ ಹೇಳಿದ್ದ್ ಸುಳ್ಳ್!"

ಡಾಕ್ಟರಮ್ಮನಿಗೆ ಏನೂ ತಿಳಿಯಲಿಲ್ಲ. ನಮಗೂ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ತಿಳಿದದ್ದು ಇದು. ಅಜ್ಜ ಬಿದ್ದು ಸತ್ತ ದಿನ ಅಜ್ಜಿಯ ಅತ್ತೆ, ಸೊಸೆಯೇ ಗಂಜಿಗೆ ಕೈಮದ್ದು ಹಾಕಿ ಗಂಡನನ್ನು ಮುಗಿಸಿದಳೆಂದು ಊರೆಲ್ಲ ಹೇಳಿಕೊಂಡು ಬಂದಿದ್ದರಂತೆ. ಆಮೇಲೆ ಆ ಮನೆಯಲ್ಲಿ ಅಜ್ಜಿ ಬಡಿಸಿದ್ದನ್ನು ಮೊದಲು ಅಜ್ಜಿಯೇ ಒಂದು ತುತ್ತು ಉಂಡು ತೋರಿಸಬೇಕಿತ್ತು. ಮದುವೆ ಮುಂಜಿಗೆ ಹೋದರೆ ಯಾರೂ ಅವರ ಕೈಗೆ ಸೌಟು ಕೊಡುತ್ತಿರಲಿಲ್ಲ. ಅಪ್ಪನಿಗೆ ಅರ್ಧಂಬರ್ಧ ಗೊತ್ತಿತ್ತು, ಅಮ್ಮನಿಗೆ ಗೊತ್ತೇ ಇರಲಿಲ್ಲ. ಅಜ್ಜಿ ತಮ್ಮ ಮೇಲೆ ಬಿದ್ದದ್ದನ್ನೇ ಇಷ್ಟು ದಿನ ಸೊಸೆಯ ಮೇಲೆ ಎತ್ತಿ ಹಾಕುತ್ತಿದ್ದರು.

ನಾನು ಹೋಗಿ ಅಜ್ಜಿಯ ಸೆರಗು ಹಿಡಿದು ಹೇಳಿದೆ: "ಖೂನಿ ಅಲ್ಲ ಅಜ್ಜಿ. ಖೂನ್ ಅಂದ್ರೆ ರಕ್ತ. ಅಪ್ಪನ ರಕ್ತವೇ ಹಾಗೆ ಅಂತೆ. ಅಜ್ಜನ ರಕ್ತವೂ ಹಾಗೆಯೇ ಇತ್ತಂತೆ. ಊಟದಿಂದ ಅಲ್ಲ ಅಂತೆ."

ಅಜ್ಜಿ ನನ್ನನ್ನೇ ನೋಡಿದರು. ನನ್ನ ತೋಳು ಹಿಡಿದು ಕೇಳಿದರು:

"ಹಾಂಗಾರೆ... ನಾನೂ ಅಲ್ದಾ?"

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದ್ದನ್ನು ನಾನು ತುಂಡು ತುಂಡಾಗಿ ಕನ್ನಡ ಮಾಡಿದೆ. ಕೊಲೆಸ್ಟರಾಲು ಎಲ್ಲರ ರಕ್ತದಲ್ಲೂ ಇರುತ್ತದೆ. ಹೆಚ್ಚಿನದನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಊಟದಿಂದ ಸೇರುವುದು ಸ್ವಲ್ಪ. ಮಿಕ್ಕಿದ್ದನ್ನು ರಕ್ತದಿಂದ ಹಿಡಿದು ತೆಗೆಯುವುದು ಲಿವರಿನ ಕೆಲಸ. ಅಪ್ಪನ ಲಿವರಿಗೆ ಹುಟ್ಟಿನಿಂದಲೇ ಆ ಹಿಡಿಯುವ ಶಕ್ತಿ ಕಡಿಮೆ. ಹಾಗೆ ಉಳಿದ ಕೊಬ್ಬೇ ಕಣ್ಣಿನ ಬೊಟ್ಟಾಗಿ, ಹಿಮ್ಮಡಿಯ ದಪ್ಪವಾಗಿ ಕೂತದ್ದು. ಪಥ್ಯ ಮಾಡಿದರೆ ಒಳ್ಳೆಯದೇ, ಸ್ವಲ್ಪ ಇಳಿಯುತ್ತದೆ, ಬಿಡಬಾರದು. ಆದರೆ ಪಥ್ಯವೊಂದರಿಂದಲೇ ಆಗುವ ಕೆಲಸ ಇದಲ್ಲ. ಇನ್ನೊಂದು ಮಾತು: ಇಂಥವರ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಇದು ಬರುವುದು, ಬಿಡುವುದು ಸಮಸಮ. ಈ ಹುಡುಗಿಯರಿಬ್ಬರ ರಕ್ತವನ್ನೂ ನೋಡಬೇಕು.

ಮರಳುವಾಗ ಲೋಕಲ್ಲಿನಲ್ಲಿ ಅಪ್ಪ ಅದನ್ನು ಫಿಟ್ಟರನ ಭಾಷೆಗೆ ತಂದರು. "ಮೋರಿಯ ಜಾಳಿ ಅರ್ಧ ಕಟ್ಟಿತ್ತ್ ಅಂದೇಳಿ ಲೆಕ್ಕ. ನೀನ್ ನಲ್ಲಿ ಎಷ್ಟ್ ಸಣ್ಣ ಮಾಡಿರೂ ನೀರ್ ನಿಂತೇ ನಿಲ್ತ್." ಸ್ವಲ್ಪ ತಡೆದು, "ಇನ್ನಾದ್ರೂ ನನ್ನ್ ಕೈ ಮೂಸುದ್ ಬಿಡ್," ಎಂದರು. ಅಮ್ಮ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದಳು. ಕುರ್ಲಾ ದಾಟಿತು, ಘಾಟ್ಕೋಪರ್ ದಾಟಿತು, ಅವಳು ಸರಳಿನಿಂದ ಹಣೆ ತೆಗೆಯಲಿಲ್ಲ.

ನಮ್ಮ ರಿಪೋರ್ಟು ಬಂತು. ನನ್ನದು ಸರಿ ಇತ್ತು. ಮೀನಾಳದ್ದು ಅಪ್ಪನದೇ ಅಚ್ಚು. ಒಂದೇ ತಟ್ಟೆ, ಒಂದೇ ಗುಡ್ಡೆ ಅನ್ನ, ನಡುವೆ ಬೆರಳಿನ ಗಡಿ. ಗಡಿಯ ಈಚೆ ಉಂಡವಳ ರಕ್ತ ಒಂದು ಥರ, ಆಚೆ ಉಂಡವಳದ್ದು ಇನ್ನೊಂದು ಥರ. ಇನ್ನು ಅನುಮಾನಕ್ಕೆ ಜಾಗ ಇರಲಿಲ್ಲ. ತಪ್ಪು ಅಮ್ಮನದಲ್ಲ ಎಂದು ಇಷ್ಟು ಚೆನ್ನಾಗಿ ತೋರಿಸಿದ ಮೇಲೆ ಅವಳು ಹಗುರಾಗುತ್ತಾಳೆಂದು ನಾವೆಲ್ಲ ಕಾದೆವು. ಅವಳು ಅಡುಗೆಮನೆಯ ನೆಲದ ಮೇಲೆ, ಒಣಗಿದ ಅರೆಯುವ ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಅಲ್ಲಿಯತನಕ ಅಳದೇ ಇದ್ದವಳು ಆಗ ಅತ್ತಳು.

"ಅಡ್ಗೆದೇ ತಪ್ಪ್ ಆಯಿದ್ರೆ ಒಳ್ಳೇದಿತ್ತ್. ನಾನ್ ಸರಿ ಮಾಡ್ತಿದ್ದೆ. ಇನ್ನೂ ಎಂತೆಂತ ಬಿಡ್ಕೋ ಎಲ್ಲಾ ಬಿಡ್ತಿದ್ದೆ. ರಕ್ತಕ್ಕೆ ನಾನ್ ಎಂಥಾ ಒಗ್ಗರ್ಣೆ ಹಾಕುದ್ ಹೇಳಿ?"

ಈಗಿನ ಮಾತ್ರೆಗಳು ಆಗ ನಮ್ಮ ಕೈಗೆ ಸಿಗುವಂತಿರಲಿಲ್ಲ. ಇದ್ದದ್ದು ನೀರಲ್ಲಿ ಕಲಸಿ ಕುಡಿಯುವ ಮರಳಿನಂಥ ಒಂದು ಪುಡಿ, ಅದೂ ಒಮ್ಮೆ ಸಿಕ್ಕಿದರೆ ಇನ್ನೊಮ್ಮೆ ಇಲ್ಲ. ಅಜ್ಜಿ ಸದ್ದಿಲ್ಲದೆ ಮಂಚದ ಕೆಳಗಿನಿಂದ ಗೋಣಿ ಎಳೆದರು. ಒಂದು ಕಾಯಿ ಒಡೆದು ತುರಿದರು. ಆ ತುರಿಯನ್ನು ಅಪ್ಪನ ತಟ್ಟೆಗಲ್ಲ, ಮೀನಾಳ ಕಡೆಗಲ್ಲ, ಅಮ್ಮನ ಗಂಜಿಯ ಬಟ್ಟಲಿಗೆ ಹಾಕಿದರು.

"ನೀನಾರೂ ತಿನ್. ನಿಂಗೆಂತಕೆ ಪಥ್ಯ?"

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಅಮ್ಮ ಆ ಗಂಜಿಯನ್ನು ಉಂಡಳು. ಉಣ್ಣುತ್ತಲೇ ಅಳುತ್ತಿದ್ದಳು, ಅಜ್ಜಿ ಪಕ್ಕದಲ್ಲಿ ಕೂತು ಇನ್ನಷ್ಟು ತುರಿ ಹಾಕುತ್ತಲೇ ಇದ್ದರು.

ಪಥ್ಯವನ್ನು ಅಮ್ಮ ಬಿಡಲಿಲ್ಲ. ಮರಳಿನ ಪುಡಿ ಸಿಕ್ಕಾಗ ಕಲಸಿ ಕೊಟ್ಟಳು. ಕೈ ಮೂಸುವುದನ್ನು ಬಿಟ್ಟಳು. ಬೆರಳು ಹಿಡಿದು ಉಸಿರು ನೋಡುವುದನ್ನು ಹೆಚ್ಚು ಮಾಡಿದಳು. ಈಗ ಎರಡು ಮೂಗು ನೋಡಬೇಕಿತ್ತಲ್ಲ, ಅಪ್ಪನದು, ಮೀನಾಳದು. ಅದಾಗಿ ಇನ್ನೊಂದು ಮಳೆಗಾಲ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಉಂಡದ್ದು ಕೊಚ್ಚಕ್ಕಿ ಅನ್ನ, ಅರಶಿನದ ನೀರಿನ ಬಂಗುಡೆ, ಸುಟ್ಟ ಹಪ್ಪಳ. ಮೊದಲು ಮಲಗಿದ್ದು ಅಪ್ಪ. ಅಮ್ಮ ಪಾತ್ರೆ ತೊಳೆದು ಬಂದು ಬೆರಳು ಹಿಡಿದಳು. ಆ ಬೆರಳನ್ನು ಅವಳು ಹಿಂದಕ್ಕೆ ತೆಗೆಯಲೇ ಇಲ್ಲ.

ಬಿಲ್ಡಿಂಗೇ ಬಂದು ಗ್ಯಾಲರಿಯಲ್ಲಿ ನೆರೆಯಿತು. ಸಾವಿನ ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಆವತ್ತು ಗೊತ್ತಾಯಿತು. ಕ್ಯಾ ಖಾಯಾ ಥಾ? ಕಾಯ್ ಜೇವ್ಲೇ? ಏನು ಉಂಡಿದ್ದರು? ಎಲ್ಲರೂ ಅದನ್ನೇ ಕೇಳಿದರು. ಕೇಳಿ ಅಮ್ಮನ ಕಡೆ ನೋಡಿದರು. ಅಜ್ಜಿ ಮಗನ ತಲೆಯ ಹತ್ತಿರದಿಂದ ಎದ್ದರು. ಬಂದು ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈಯಿಂದ ದಾರಂದ ಹಿಡಿದು, ತಮಗೆ ಬರುತ್ತಿದ್ದ ಇಡೀ ಹಿಂದಿಯನ್ನು ಹೇಳಿದರು:

"ಖಾನಾ ನಹೀ. ಖೂನ್."

ಬಂದವರು ಬೆಚ್ಚಿದರು. ಹಿಂದಿಯಲ್ಲೂ ಆ ಮಾತಿಗೆ ಕೊಲೆ ಎಂಬ ಇನ್ನೊಂದು ಅರ್ಥ ಉಂಟಲ್ಲ. ಶಾಲಿನಿತಾಯಿ ಬಾಯಿಗೆ ಸೆರಗು ಹಿಡಿದಳು, ಯಾರೋ ಕಾಲನಿಯ ವಾಚ್‌ಮನ್ನನನ್ನು ಕರೆಯಲು ಓಡಿದರು. ಅಜ್ಜಿ ಕದಲಲಿಲ್ಲ. ಹೊಸಬರು ಮೆಟ್ಟಿಲು ಹತ್ತಿ ಬಂದ ಹಾಗೆಲ್ಲ ಅದನ್ನೇ ಹೇಳಿದರು. ಖಾನಾ ನಹೀ. ಖೂನ್. ಅಜ್ಜ ಸತ್ತ ದಿನ ಅವರಿಗಾಗಿ ಯಾರೂ ಹೀಗೆ ಬಾಗಿಲಲ್ಲಿ ನಿಂತಿರಲಿಲ್ಲ. ಅವರ ಬೆನ್ನಿನ ಹಿಂದೆ ಅಮ್ಮ ಮೀನಾಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಿದ್ದಳು, ಒಂದು ಕೈ ಅವಳ ಎದೆಯ ಮೇಲಿತ್ತು.

ಮೀನಾ ಉಳಿದಳು. ಮಾತ್ರೆಗಳು ಬಂದವು, ಬಂದ ದಿನದಿಂದ ನುಂಗುತ್ತಿದ್ದಾಳೆ. ಹೃದಯಕ್ಕೆ ಒಂದು ಸ್ಟೆಂಟೂ ಬಿದ್ದಿದೆ. ಇತ್ತೀಚೆಗೆ ಅವಳ ಎಡಗಣ್ಣಿನ ಮೂಲೆಯಲ್ಲಿ ಒಂದು ಸಣ್ಣ ಬಂಗಾರದ ಬೊಟ್ಟು ಕಾಣಿಸಿಕೊಂಡಿದೆ, ಅದರ ಮೇಲೆ ಪೌಡರು ಹಚ್ಚುತ್ತಾಳೆ. ಮಗಳ ರಕ್ತ ನೋಡಿಸೋಣವೆಂದು ನಾನು ಅಂದಾಗಲೆಲ್ಲ, ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದೆ ತಳ್ಳುತ್ತಿದ್ದಳು. ಅಮ್ಮನೇ ಕೊನೆಗೆ ನನ್ನನ್ನು ಸಯನ್ನಿಗೆ ಅಟ್ಟಿದ್ದು.

ಇವತ್ತು ಸಂಜೆ ಮೀನಾ ಆಫೀಸಿನಿಂದ ನೇರ ಇಲ್ಲಿಗೇ ಬಂದಳು. ಅವಳು ಚಪ್ಪಲಿ ಬಿಡುತ್ತಿರುವಾಗಲೇ ಇಶಾಳ ಫೋನು ಕಿಣಿಗುಟ್ಟಿತು. ಇಶಾ ನೋಡಿ, ನನ್ನ ಕೈಗೆ ಕೊಟ್ಟಳು. ಕೆಂಪು ಅಕ್ಷರದಲ್ಲಿ ಬಂದದ್ದನ್ನು ಓದಲು ಡಾಕ್ಟರು ಬೇಕಿರಲಿಲ್ಲ. ಅವಳಿಗೂ ಇತ್ತು.

"ದೊಡ್ಡಮ್ಮ, ಮತ್ಲಬ್... ನಾನು ವಡಾಪಾವ್ ತಿಂತೀನಿ, ಅದಕ್ಕೆ ಅಲ್ಲ ನಾ?"

"ಅದಕ್ಕಲ್ಲ. ಆದರೆ ಇನ್ನು ಅದನ್ನು ಕಡಿಮೆ ಮಾಡಬೇಕು. ಮಾತ್ರೆಯೂ ಬೇಕು, ಪಥ್ಯವೂ ಬೇಕು. ನಾಳೆ ಪರೇಲಿಗೆ ಹೋಗೋಣ."

ಮೀನಾ ಗೋಡೆ ಹಿಡಿದು ಅಲ್ಲೇ ನೆಲಕ್ಕೆ ಕುಸಿದಳು. "ನಾನೇ ಕೊಟ್ಟದ್ದು. ಬೇರೆ ಯಾರಿಂದಲೂ ಅಲ್ಲ, ನನ್ನಿಂದಲೇ ಬಂದದ್ದು," ಎಂದು ಅದನ್ನೇ ಅನ್ನುತ್ತ ಹಣೆ ಚಚ್ಚಿಕೊಂಡಳು. ಊಟದ ಮೇಲೆ ಹಾಕಿದ ತಪ್ಪನ್ನು ಇಳಿಸಲು ಈ ಮನೆಗೆ ಎರಡು ತಲೆಮಾರು ಬೇಕಾಯಿತು. ರಕ್ತದ ಮೇಲೆ ಹಾಕಿದ್ದನ್ನು ಹೇಗೆ ಇಳಿಸುವುದೋ ನನಗೆ ತಿಳಿಯಲಿಲ್ಲ. ಅಮ್ಮ ಮಂಚದಿಂದ ನಿಧಾನಕ್ಕೆ ಇಳಿದು, ಗೋಡೆ ಸವರಿಕೊಂಡು ಬಂದು ಅವಳ ಪಕ್ಕ ಕೂತಳು.

"ನಿಂಗೆ ಕೊಟ್ಟವ್ರ್ ಯಾರ್? ನಿನ್ ಅಪ್ಪ. ಅವ್ರಿಗೆ ಕೊಟ್ಟವ್ರ್? ಹಿಂಗೇ ಹಿಂದೆ ಹೋತಾ ಹೋತಾ ಯಾರನ್ ಬೈತೆ? ಏಳ್. ಕೈಕಾಲ್ ತೊಳಿ. ಮಾತ್ರೆ ಇತ್ತಲ್ದಾ ಈಗ?"

"ಇದೆ," ಎಂದೆ ನಾನು.

"ಇತ್ತಲ್ಲ," ಎಂದು ಅಮ್ಮ ತನಗೇ ಇನ್ನೊಮ್ಮೆ ಹೇಳಿಕೊಂಡಳು. ಅವಳ ಬೆರಳು ಮೊಮ್ಮಗಳ ಮೂಗಿನ ಹತ್ತಿರ ಹೋಯಿತು. ಕಚಗುಳಿಯಾಗಿ ಇಶಾ ತಲೆ ಹಿಂದೆಳೆದು, "ಅಜ್ಜೀ, ಗುದ್‌ಗುದೀ ಹೋತೀ ಹೈ," ಎಂದು ನಕ್ಕಳು, ನಗು ಅರ್ಧಕ್ಕೇ ನಿಂತಿತು.

ರಾತ್ರಿ ಉಂಡದ್ದು ಗಂಜಿ, ನೀರಲ್ಲಿ ಬೇಯಿಸಿದ ಬಸಳೆ, ಅದಕ್ಕೆ ಚಮಚದ ತುದಿಯಷ್ಟು ಎಣ್ಣೆಯ ಒಗ್ಗರಣೆ. ಸಾಸಿವೆ ಸಿಡಿಯಿತು. ನನ್ನ ಮತ್ತು ಅಮ್ಮನ ಬಟ್ಟಲಿಗೆ ಕಾಯಿತುರಿ. ಅಮ್ಮ ತನ್ನದನ್ನು ಬೆರಳಿಂದ ಬದಿಗೆ ಸರಿಸಿದಳು, ನಾನು ಮತ್ತೆ ಅವಳ ಗಂಜಿಗೆ ಕಲಸಿದೆ. ಮೀನಾ ತನ್ನ ತಟ್ಟೆ ತೆಗೆದುಕೊಳ್ಳದೆ ಮಗಳ ತಟ್ಟೆಯಲ್ಲೇ ಉಂಡಳು. ಆಮೇಲೆ ಇಶಾ ಫೋನು ಹಿಡಿದು ಗೋಡೆಯ ಕಡೆ ಹೊರಳಿದಳು, ಮೀನಾ ಅವಳ ಬೆನ್ನು ನೋಡುತ್ತ ಕೂತಳು. ಈ ಮನೆಯಲ್ಲಿ ನಾನು ಕಂಡ ಮಟ್ಟಿಗೆ ಇಂದೇ ಮೊದಲು, ಎಲ್ಲರಿಗಿಂತ ಮುಂಚೆ ಮಲಗಿದ್ದು ಅಮ್ಮ. ಬಾಯಿ ಸ್ವಲ್ಪ ತೆರೆದಿತ್ತು. ನಾನು ಹತ್ತಿರ ಹೋಗಿ ಬೆರಳು ಹಿಡಿದೆ. ಬಿಸಿ ಇತ್ತು.